ಗೇಣುದ್ದದ ಪಂದ್ಯದ ಕಾರುಗಳು

ಎಲ್ಲಿಗೂ ಹೋಗುವ ಉದ್ದೇಶವಿಲ್ಲದೆ, ಕಾಲು ಮೈಲಿ ದೂರವನ್ನು ಬೇಗನೆ ಮುಗಿಸಬೇಕೆಂಬ ಒಂದೇ ಹಟದಿಂದ ಓಡುವ ಕಾರುಗಳು ಉಂಟೆಂದರೆ ನಮ್ಮಲ್ಲಿ ಅನೇಕರು ನಗಬಹುದು. ಅಂತಹ ಕಾರನ್ನು ಇಪ್ಪತ್ತೈದರಲ್ಲೊಂದು ಪಾಲಿಗೆ ಇಳಿಸಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಪುಸ್ತಕದ ಬೀರುವಿನ ಮೇಲಿಟ್ಟುಕೊಳ್ಳುವವನು ಉಂಟೆಂದರೆ ನಗು ಇನ್ನೂ ಹೆಚ್ಚಬಹುದು. ಈ ಎರಡನೆಯವನು ನಾನೇ ಆದುದರಿಂದ, ನನ್ನ ಹವ್ಯಾಸದ ವಿಚಾರವಾಗಿ ಸಹಪಾಠಿಗಳಿಗೂ ಗುರುಗಳಿಗೂ ನಾಲ್ಕು ಮಾತು ಅರಿಕೆ ಮಾಡುವ ಹೊಣೆ ನನ್ನ ಮೇಲಿದೆ.

ಮೊದಲು ಪಂದ್ಯದ ಮಾತು. ಡ್ರ್ಯಾಗ್ ರೇಸ್ ಎಂಬುದು ಅಮೆರಿಕೆಯಲ್ಲಿ ಹುಟ್ಟಿ ಬೆಳೆದದ್ದು. ಎರಡು ಕಾರುಗಳು ಅಕ್ಕಪಕ್ಕದಲ್ಲಿ ನಿಂತಲ್ಲಿಂದ ಹೊರಟು, ನೇರವಾದ ಹಾದಿಯಲ್ಲಿ 1,320 ಅಡಿ ಓಡುತ್ತವೆ. ಮೊದಲು ಮುಟ್ಟಿದವನು ಗೆದ್ದಂತೆ. ತಿರುವಿಲ್ಲ, ಸುತ್ತಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದ ತರುಣರು ಹಳೆಯ ಕಾರುಗಳನ್ನು ಹಗುರಗೊಳಿಸಿ ಬತ್ತಿದ ಕೆರೆಯಂಗಳಗಳಲ್ಲಿಯೂ, ಒಮ್ಮೊಮ್ಮೆ ಊರ ಬೀದಿಗಳಲ್ಲಿಯೂ ಓಡಿಸುತ್ತಿದ್ದರು. ಈ ಪುಂಡಾಟಕ್ಕೆ ಒಂದು ಕಟ್ಟುಪಾಡು ತರಲೆಂದು ವಾಲಿ ಪಾರ್ಕ್ಸ್ ಎಂಬವರು 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿದರು. ಬಾವುಟ ಬೀಸಿ ಓಟ ಆರಂಭಿಸುತ್ತಿದ್ದ ಪದ್ಧತಿ ಹೋಗಿ 1963ರಲ್ಲಿ ದೀಪಗಳ ಕಂಬ ಬಂದಿತು. ಅತಿ ವೇಗದ ವರ್ಗಗಳಿಗೆ ಮಾತ್ರ, ಸುರಕ್ಷತೆಯ ದೃಷ್ಟಿಯಿಂದ, 2008ರಿಂದೀಚೆಗೆ ದೂರವನ್ನು 1,000 ಅಡಿಗೆ ಇಳಿಸಲಾಗಿದೆ.

ಇನ್ನು ಮಸಲ್ ಕಾರು. ಮಸಲ್ ಎಂದರೆ ಮಾಂಸಖಂಡ; ನಮ್ಮ ಮಾತಿನಲ್ಲಿ ಗರಡಿಯಾಳು ಎನ್ನಬಹುದು. ಮಧ್ಯಮ ಗಾತ್ರದ ಸಂಸಾರಸ್ಥರ ಕಾರಿನೊಳಗೆ ದೊಡ್ಡ ಕಾರಿನ ಎಂಜಿನ್ನನ್ನು ಕೂರಿಸುವುದೇ ಇದರ ಗುಟ್ಟು. 1964ರ ಪಾಂಟಿಯಾಕ್ ಜಿ.ಟಿ.ಓ. ಈ ವಂಶದ ಮೂಲಪುರುಷನೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಅದರ ಎಂಜಿನ್ 389 ಘನ ಅಂಗುಲದ್ದು, ಎಂದರೆ ಸುಮಾರು 6.4 ಲೀಟರು. ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಮಂತ್ರಿಗಳನ್ನೂ ಮದುಮಕ್ಕಳನ್ನೂ ಹೊತ್ತ ಅಂಬಾಸಡರಿನ ಎಂಜಿನ್ ಒಂದೂವರೆ ಲೀಟರಿನದೆಂಬುದನ್ನು ನೆನೆದರೆ ಅಂತರ ತಿಳಿದೀತು. ಈ ವೈಭವ ಬಹಳ ದಿನ ನಿಲ್ಲಲಿಲ್ಲ. ವಿಮಾ ಕಂಪನಿಗಳು ಕಂತು ಏರಿಸಿದವು, 1970ರ ವಾಯುಶುದ್ಧಿ ಕಾನೂನು ಬಂದಿತು, 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು. ಗರಡಿಯಾಳಿಗೆ ಅನ್ನ ತಪ್ಪಿತು.

ಇವುಗಳ ಕಿರುಮಾದರಿಗಳಿಗೂ ಹೆಚ್ಚುಕಡಮೆ ಅಷ್ಟೇ ವಯಸ್ಸು. ಅಮೆರಿಕೆಯ ಕಾರು ಮಾರಾಟಗಾರರು ಹೊಸ ವರ್ಷದ ಕಾರಿನ ಸಣ್ಣ ಪ್ರತಿಯನ್ನು ಪ್ರಚಾರಕ್ಕೆಂದು ಇಟ್ಟುಕೊಳ್ಳುತ್ತಿದ್ದರು. ಅದೇ ಅಚ್ಚುಗಳನ್ನು ಬಳಸಿ ಮಿಷಿಗನ್ನಿನ ಎ.ಎಂ.ಟಿ. ಕಂಪನಿಯು 1958ರಲ್ಲಿ ಬಿಡಿಭಾಗಗಳ ಪೆಟ್ಟಿಗೆಯನ್ನು ಹೊರತಂದಿತು. ಒಂದೇ ಪೆಟ್ಟಿಗೆಯಿಂದ ಕಾರ್ಖಾನೆಯ ಕಾರು, ಶೋಕಿಯ ಕಾರು, ಪಂದ್ಯದ ಕಾರು ಈ ಮೂರರಲ್ಲಿ ಬೇಕಾದುದನ್ನು ಕಟ್ಟಬಹುದಾಗಿತ್ತು. ಇಪ್ಪತ್ತೈದರಲ್ಲೊಂದು ಎಂಬ ಪ್ರಮಾಣ ಹೀಗೆ ರೂಢಿಗೆ ಬಂದಿತು. ಇನ್ನೂರು ಅಂಗುಲದ ಕಾರು ಎಂಟು ಅಂಗುಲವಾಗುತ್ತದೆ, ಸುಮಾರು ಒಂದು ಗೇಣು. ಕಾಲು ಮೈಲಿಯ ಹಾದಿಯನ್ನೂ ಇದೇ ಲೆಕ್ಕದಲ್ಲಿ ಇಳಿಸಿದರೆ 53 ಅಡಿ ಸಾಲದೆ ಬರುತ್ತದೆ. ನಮ್ಮ ಕಾಲೇಜಿನ ಪಡಸಾಲೆಯಲ್ಲಿ ಧಾರಾಳವಾಗಿ ಪಂದ್ಯ ನಡೆಸಬಹುದು. (ಪ್ರಾಂಶುಪಾಲರ ಅಪ್ಪಣೆ ದೊರೆಯಬೇಕಷ್ಟೆ.)

ಕಟ್ಟುವ ಕೆಲಸದ ಸಾಮಾನ್ಯ ಕ್ರಮವನ್ನು ಬೇಗ ಹೇಳಿ ಮುಗಿಸುತ್ತೇನೆ. ಭಾಗಗಳನ್ನು ಸೋಪಿನ ನೀರಿನಲ್ಲಿ ತೊಳೆಯಬೇಕು. ಅಚ್ಚಿನ ಜಿಡ್ಡು ಉಳಿದರೆ ಬಣ್ಣ ಹಿಡಿಯದು. ಅಚ್ಚು ಕೂಡಿದ ಕಡೆ ಉಳಿದ ಗೆರೆಗಳನ್ನು ಎಮರಿ ಕಾಗದದಿಂದ ತಿಕ್ಕಬೇಕು. ಬಣ್ಣವನ್ನು ತೆಳುವಾಗಿ, ಹಲವು ಸಲ ಹಾಯಿಸಬೇಕು. ಬಣ್ಣದ ಪದರ ಮಾತ್ರ ನಮ್ಮ ಪ್ರಮಾಣದ ಮಾತು ಕೇಳುವುದಿಲ್ಲ. ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನ ಪದರ, ದೊಡ್ಡ ಕಾರಿನ ಲೆಕ್ಕದಲ್ಲಿ ಎರಡೂವರೆ ಮಿಲಿಮೀಟರಾಗಿ, ಬಾನೆಟ್ಟಿನ ಮೇಲಿನ ಹೆಸರಿನ ಅಕ್ಷರಗಳನ್ನೇ ಮುಳುಗಿಸುತ್ತದೆ. ಗುಮಾಸ್ತನ ತಾಳ್ಮೆಯಿದ್ದರೆ ಇಷ್ಟೆಲ್ಲವೂ ಯಾರಿಗಾದರೂ ಸಾಧ್ಯ.

ಸಾಧ್ಯವಾಗದೆ ಉಳಿಯುವುದು ಬೇರೊಂದು. ಪಂದ್ಯದ ಕಾರಿನಲ್ಲಿ ಅಲಂಕಾರಕ್ಕೆಂದು ಇರುವುದು ಬಹಳ ಕಡಮೆ. ಪ್ರತಿಯೊಂದು ವಿಕಾರಕ್ಕೂ ಒಂದು ಕಾರಣವುಂಟು. ಕಾರಣ ತಿಳಿಯದೆ ಕಟ್ಟಿದವನ ಕೈಗೆ ಹೊಳೆಯುವ ಆಟಿಕೆ ಬರುತ್ತದೆ. ಇತಿಹಾಸದ ವಿದ್ಯಾರ್ಥಿಯಾದ ನನಗೆ ಇದು ಶಾಸನ ಓದುವ ಕೆಲಸದಂತೆಯೇ ಕಾಣುತ್ತದೆ. ಅಕ್ಷರವನ್ನು ಕಂಡಂತೆ ಬರೆದುಕೊಂಡರೆ ಸಾಲದು, ಏಕೆ ಕೆತ್ತಿದರೆಂದು ಕೇಳಬೇಕು.

1965ರ ಕೆಲವು ಡಾಡ್ಜ್ ಮತ್ತು ಪ್ಲಿಮತ್ ಕಾರುಗಳನ್ನು ನೋಡಿ. ಕ್ರೈಸ್ಲರ್ ಕಂಪನಿಯು ಪಂದ್ಯಕ್ಕೆಂದು ಅವುಗಳ ಹಿಂದಿನ ಚಕ್ರಗಳನ್ನು 15 ಅಂಗುಲ, ಮುಂದಿನ ಚಕ್ರಗಳನ್ನು 10 ಅಂಗುಲ ಮುಂದಕ್ಕೆ ಸರಿಸಿತು. ಹಗುರವಾಗಲೆಂದು ತಗಡಿನ ಮೈಯನ್ನು ಆಮ್ಲದಲ್ಲಿ ಅದ್ದಿ ತೆಳುಮಾಡಿತು. ಕಾರು ನೋಡಲು ಬಲು ವಿಚಿತ್ರವಾಯಿತು. ‘ಫನ್ನಿ ಕಾರ್’ ಎಂಬ ಹೆಸರು ಹುಟ್ಟಿದ್ದೇ ಇಂತಹವನ್ನು ಕಂಡು ಎನ್ನುತ್ತಾರೆ. ನ್ಯಾಷನಲ್ ಹಾಟ್ ರಾಡ್ ಸಂಘವು ತಾನು ಮೀಸಲಿಟ್ಟ ವರ್ಗದಲ್ಲಿ ಇವನ್ನು ಓಡಿಸಗೊಡಲಿಲ್ಲ. ಆದರೆ ಕಾರಣ ಸರಳ. ಎಂಜಿನ್ನಿನ ಬಲವನ್ನು ನೆಲಕ್ಕೆ ಮುಟ್ಟಿಸುವುದು ಹಿಂದಿನ ಚಕ್ರಗಳು. ಅವುಗಳ ಮೇಲೆ ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚು; ಇಲ್ಲವಾದರೆ ಚಕ್ರ ಸುತ್ತಿ ಹೊಗೆಯೇಳುವುದೇ ಹೊರತು ಕಾರು ಸಾಗದು. ಭಾರವನ್ನು ಹಿಂದಕ್ಕೆ ಒಯ್ಯುವ ಬದಲು ಚಕ್ರವನ್ನೇ ಭಾರದ ಕೆಳಗೆ ತಂದರು.

ಗೇಣುದ್ದದ ಕಾರಿನಲ್ಲಿ ಆ 15 ಅಂಗುಲ 15 ಮಿಲಿಮೀಟರಾಗುತ್ತದೆ. 10 ಅಂಗುಲ 10 ಮಿಲಿಮೀಟರು. ಸಾಧಾರಣ ಕಾರಿನ ಪೆಟ್ಟಿಗೆಯನ್ನು ತೆಗೆದುಕೊಂಡು, ಸಣ್ಣ ಗರಗಸದಿಂದ ಹಿಂದಿನ ಚಕ್ರದ ಕಮಾನಿನ ಮುಂದಿರುವ 15 ಮಿಲಿಮೀಟರಿನ ತುಂಡನ್ನು ಕೊಯ್ದು, ಕಮಾನನ್ನು ಮುಂದಕ್ಕೆ ತಳ್ಳಿ, ಅದೇ ತುಂಡನ್ನು ಹಿಂದೆ ಅಂಟಿಸಬೇಕು. ಮುಂದಿನ ಚಕ್ರಕ್ಕೂ ಹೀಗೆಯೇ. ಸಂದುಗಳನ್ನು ಪುಟ್ಟಿಯಿಂದ ತುಂಬಿ ತಿಕ್ಕುವಷ್ಟರಲ್ಲಿ ಎರಡು ಭಾನುವಾರ ಕಳೆಯುತ್ತವೆ. ನನಗೆ ಅತ್ಯಂತ ಪ್ರಿಯವಾದ ಕೆಲಸವಿದು. ಕೊಯ್ಯುವ ಕೈಗೆ ಆ ಎಂಜಿನಿಯರುಗಳ ಯೋಚನೆ ತಾನಾಗಿ ತಿಳಿಯುತ್ತದೆ.

1968ರ ಹೆಮಿ ಡಾರ್ಟ್ ಇನ್ನೊಂದು ಪಾಠ. ಇದನ್ನು ಕಂಪನಿಯೇ ಪಂದ್ಯಕ್ಕೆಂದು ಮಾಡಿಸಿತು. ಹಿಂದಿನ ಆಸನವಿಲ್ಲ, ಬ್ಯಾಟರಿ ಡಿಕ್ಕಿಯೊಳಗೆ, ಬಾಗಿಲಿನ ಗಾಜು ಇಳಿಸಲು ತಿರುಗಿಸುವ ಹಿಡಿಯ ಬದಲು ಒಂದು ಪಟ್ಟಿ. ಮಾದರಿಯಲ್ಲಿ ಆ ಹಿಡಿಯನ್ನು ಕೆರೆದು ತೆಗೆದು ಕಾಗದದ ಎಳೆ ಅಂಟಿಸಲು ಐದು ನಿಮಿಷ ಸಾಕು. ಹಾಗೆ ಮಾಡದವನ ಕಾರು ಹೆಮಿ ಡಾರ್ಟ್ ಆಗುವುದಿಲ್ಲ. ಬಾನೆಟ್ ತೆರೆದರೆ 426 ಘನ ಅಂಗುಲದ ಎಂಜಿನ್. ಅದರ ಉರಿಕೋಣೆಯ ಮೇಲ್ಭಾಗ ಅರ್ಧಗೋಳದಂತಿರುವುದರಿಂದ ಹೆಮಿ ಎಂಬ ಹೆಸರು. ಕಿಡಿಯ ಪ್ಲಗ್ಗುಗಳು ಉರಿಕೋಣೆಯ ನಡುನೆತ್ತಿಯಲ್ಲಿರುವುದರಿಂದ ತಂತಿಗಳು ವಾಲ್ವುಗಳ ಮುಚ್ಚಳದ ಮಧ್ಯದಲ್ಲೇ ಒಳಗಿಳಿಯುತ್ತವೆ. ಪಕ್ಕದಿಂದ ಹೋದರೆ ಅದು ಹೆಮಿಯಲ್ಲ. ತಂತಿಯ ದಪ್ಪ ನಮ್ಮ ಪ್ರಮಾಣದಲ್ಲಿ 0.3 ಮಿಲಿಮೀಟರಿನಷ್ಟು. ಕಿಡಿ ಹತ್ತುವ ಕ್ರಮ 1-8-4-3-6-5-7-2. ಈ ಕ್ರಮದಲ್ಲೇ ಎಂಟು ತಂತಿಗಳನ್ನು ಚಿಮುಟದಿಂದ ಏರಿಸುವಾಗ, ಎಂದಿಗೂ ಉರಿಯದ ಎಂಜಿನ್ನಿಗೆ ಇದೆಲ್ಲ ಏಕೆಂದು ನನ್ನ ಕೊಠಡಿಯ ಗೆಳೆಯನು ಕೇಳುತ್ತಾನೆ. ಮುಚ್ಚಿದ ಬಾನೆಟ್ಟಿನೊಳಗಾದರೂ ಸುಳ್ಳು ಸುಳ್ಳೇ ಎಂದು ನಾನು ಹೇಳುತ್ತೇನೆ, ಅವನು ಒಪ್ಪಿಲ್ಲ.

ಕೊನೆಯದಾಗಿ ಡಾನ್ ಗಾರ್ಲಿಟ್ಸ್ ಅವರ ಎರಡು ಕಾರುಗಳು. ಇವು ಮಸಲ್ ಕಾರುಗಳಲ್ಲ. ಕೊಳವೆಗಳ ಚೌಕಟ್ಟಿಗೆ ಎಂಜಿನ್ ಕಟ್ಟಿದ ನೀಳವಾದ ಡ್ರ್ಯಾಗ್‌ಸ್ಟರುಗಳು. ಹಳೆಯ ಪದ್ಧತಿಯಲ್ಲಿ ಎಂಜಿನ್ ಮುಂದೆ, ಚಾಲಕ ಹಿಂದಿನ ಆಕ್ಸಲಿಗೂ ಹಿಂದೆ. ಗೇರುಪೆಟ್ಟಿಗೆ ಅವನ ಕಾಲುಗಳ ನಡುವೆ. 1970ರ ಮಾರ್ಚ್ 8ರಂದು ಕ್ಯಾಲಿಫೋರ್ನಿಯಾದ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಆ ಗೇರುಪೆಟ್ಟಿಗೆ ಸಿಡಿಯಿತು. ಕಾರು ಎರಡು ತುಂಡಾಯಿತು, ಅವರ ಬಲಪಾದದ ಒಂದು ಭಾಗ ಹೋಯಿತು. ಎಂಜಿನ್ನನ್ನು ಬೆನ್ನ ಹಿಂದಿಡುವ ಕಾರಿನ ಯೋಚನೆಯನ್ನು ಗಾರ್ಲಿಟ್ಸ್ ಆಸ್ಪತ್ರೆಯ ಹಾಸಿಗೆಯಲ್ಲಿ ಮಾಡಿದರು. ಎಂಜಿನ್ ಹಿಂದಿದ್ದ ಕಾರುಗಳು ಮೊದಲೂ ಇದ್ದವು; ನೇರ ಓಡುವುದಿಲ್ಲವೆಂಬ ಅಪಕೀರ್ತಿ ಅವಕ್ಕಿತ್ತು. ಸ್ಟಿಯರಿಂಗನ್ನು ನಿಧಾನವಾಗಿ ತಿರುಗುವಂತೆ ಮಾಡಿದಾಗ ಆ ದೋಷ ನೀಗಿತು. 1971ರಲ್ಲಿ ಪೊಮೋನಾದ ವಿಂಟರ್‌ನ್ಯಾಷನಲ್ಸ್‌ನಲ್ಲಿ ಅವರು ಆ ಕಾರಿನಲ್ಲೇ ಗೆದ್ದರು. ಕೆಲವೇ ವರ್ಷಗಳಲ್ಲಿ ಉಳಿದವರೂ ಅದೇ ದಾರಿ ಹಿಡಿದರು.

ನನ್ನ ಬೀರುವಿನ ಮೇಲೆ ಈ ಎರಡೂ ಪದ್ಧತಿಯ ಕಾರುಗಳು ಅಕ್ಕಪಕ್ಕದಲ್ಲಿವೆ. ನೋಡಬಂದವರು ಬಣ್ಣ ಹೊಗಳುತ್ತಾರೆ. ನಾನು ಹಳೆಯದನ್ನು ಕೈಗೆತ್ತಿಕೊಂಡು ಚಾಲಕನ ಪೀಠವನ್ನೂ ಗೇರುಪೆಟ್ಟಿಗೆಯನ್ನೂ ತೋರಿಸುತ್ತೇನೆ. ಅವೆರಡರ ನಡುವೆ ನನ್ನ ಕಿರುಬೆರಳು ಹಿಡಿಸುವಷ್ಟೇ ಜಾಗವಿದೆ.