ಅಪ್ಪನ ಕಾರಿನ ಕಪ್ಪು ಚಕ್ರ

ಅಪ್ಪ ಕಾರಿನ ಕೀ ನನ್ನ ಕೈಗೆ ಕೊಟ್ಟಿದ್ದಕ್ಕೆ ಕಾರಣ ಒಂದು ಫುಟ್‌ಪಾತ್ ಕಲ್ಲು. ಮೈಸೂರಿನ ಮನೆ ಹತ್ತಿರವೇ ಗಾಡಿ ನಿಲ್ಲಿಸುವಾಗ ಎಡಗಡೆಯ ಮುಂದಿನ ಚಕ್ರ ಕಲ್ಲಿಗೆ ಉಜ್ಜಿ, ಬೆಳ್ಳಿ ಬಣ್ಣದ ಅಲಾಯ್ ವೀಲ್ ಮೇಲೆ ಬೆರಳುದ್ದದ ಗೀರು ಬಿತ್ತು. "ಕಲ್ಲು ಕಾಣ್ಲೇ ಇಲ್ಲ ಕಣೋ. ಇನ್ಮೇಲೆ ನೀನೇ ಓಡ್ಸು" ಅಂದರು. ಆಮೇಲೆ ಅವರು ಸ್ಟೀರಿಂಗ್ ಮುಟ್ಟಲಿಲ್ಲ.

ನನಗೋ ಕಪ್ಪು ಚಕ್ರದ ಹುಚ್ಚು. ಪೌಡರ್ ಕೋಟಿಂಗ್ ಮಾಡಿಸಿದರೆ ಹಳೇ ಬಣ್ಣಕ್ಕೆ ವಾಪಸ್ ಬರೋದು ಸುಲಭವಲ್ಲ. ಹಾಗಾಗಿ ಒಣಗಿದ ಮೇಲೆ ರಬ್ಬರ್ ಪದರದಂತಾಗಿ, ಬೇಡವಾದಾಗ ಸುಲಿದು ತೆಗೆಯಬಹುದಾದ ಸ್ಪ್ರೇ ತರಿಸಿದೆ. ಪ್ಲಾಸ್ಟಿ ಡಿಪ್ ಅಂತಾರಲ್ಲ, ಆ ಥರದ್ದು. "ಬೇಡ ಅನ್ಸಿದ್ರೆ ಕಿತ್ತು ಹಾಕಬಹುದು ಅಪ್ಪ" ಅಂತ ಮಾತು ಕೊಟ್ಟೆ. ಅಪ್ಪ "ಗಾಡಿ ನಿಂದು, ಏನ್ ಬೇಕಾದ್ರೂ ಮಾಡ್ಕೋ" ಅಂದರು. ಅವರ ಮುಖ ಬೇರೆಯದೇ ಹೇಳುತ್ತಿತ್ತು.

ಯುಗಾದಿ ರಜೆಯಲ್ಲಿ ಅಂಗಳದಲ್ಲೇ ಕೆಲಸ ಶುರುವಾಯ್ತು. ಬಣ್ಣ ಹೊಡೆಯೋದಕ್ಕಿಂತ ತೊಳೆಯೋಕೇ ಹೆಚ್ಚು ಹೊತ್ತು ಬೇಕಾಯ್ತು. ಬ್ರೇಕ್ ಪ್ಯಾಡ್ ಸವೆದು ಬರುವ ಪುಡಿ ವರ್ಷಗಟ್ಟಲೆ ಕೂತು ಅಂಟಾಗಿರುತ್ತೆ. ಶಾಂಪೂ, ಹಳೇ ಹಲ್ಲುಜ್ಜುವ ಬ್ರಷ್, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಪೂರ್ತಿ ಒಣಗಿಸಬೇಕು. ಓಡಿಸಿಕೊಂಡು ಬಂದ ಬಿಸಿ ಚಕ್ರಕ್ಕೆ ಹೊಡೆಯಬಾರದು.

ಟೈರಿಗೆ ಬಣ್ಣ ತಾಗದಂತೆ ಟೈರು ಮತ್ತು ರಿಮ್ ನಡುವೆ ಕಾರ್ಡ್ ಸಿಕ್ಕಿಸುತ್ತಾ ಹೋಗಬೇಕು. ಹಳೇ ಮದುವೆ ಪತ್ರಿಕೆ ತಂದೆ. "ಗಣಪತಿ ಚಿತ್ರ ಇರೋದನ್ನ ಚಕ್ರಕ್ಕೆ ಸಿಕ್ಕಿಸ್ತೀಯಾ?" ಅಂತ ಅಮ್ಮ ಕಿತ್ತುಕೊಂಡರು. ಕೊನೆಗೆ ಇಸ್ಪೀಟು ಎಲೆ! ಚಕ್ರ ಬಿಚ್ಚದೇ ಹೊಡೆದದ್ದರಿಂದ ಹಿಂದಿನ ಬ್ರೇಕ್ ಭಾಗಕ್ಕೆಲ್ಲ ಪ್ಲಾಸ್ಟಿಕ್ ಹೊದಿಸಿದೆ. ನಟ್, ಗಾಳಿ ವಾಲ್ವ್‌ಗೆ ಟೇಪ್. ಬ್ರೇಕ್ ಡಿಸ್ಕ್ ಮೇಲೆ ಬಣ್ಣ ಕೂರಲೇಬಾರದು, ಅಲ್ಲಿ ಮಾತ್ರ ಸೋಮಾರಿತನ ಬೇಡ. ಈ ಸ್ಪ್ರೇಗೆ ಬೆಂಕಿ ಬೇಗ ಹತ್ತುತ್ತೆ, ಘಾಟೂ ಜಾಸ್ತಿ. ಬಯಲಲ್ಲಿ, ಮಾಸ್ಕ್ ಹಾಕಿಕೊಂಡೇ ಹೊಡೀಬೇಕು. "ಮಹಡಿ ಮೇಲೆ ಸಂಡಿಗೆ ಹಾಕಿದೀನಿ, ಗಾಳಿ ನೋಡ್ಕೊಂಡು ಹೊಡಿ" ಅನ್ನೋದು ಅಮ್ಮನ ಸುರಕ್ಷತಾ ನಿಯಮ.

ಮೊದಲ ಪದರ ಬರೀ ಮಂಜು ಬಿದ್ದ ಹಾಗಿರಬೇಕು, ಕೆಳಗಿನ ಬೆಳ್ಳಿ ಅರ್ಧಕ್ಕರ್ಧ ಕಾಣುತ್ತಿರಬೇಕು. ಅರ್ಧ ಗಂಟೆ ಬಿಟ್ಟು ಎರಡನೇದು, ಹೀಗೆ ಐದು ಪದರ. ಕೊನೇದು ಹಸಿಯಿರುವಾಗಲೇ ಟೇಪ್ ತೆಗೀಬೇಕು, ಒಣಗಿದ ಮೇಲೆ ಎಳೆದರೆ ಅಂಚು ಹರಿದು ಬರುತ್ತೆ. ಮೂರು ಚಕ್ರ ಹಾಗೇ ಮಾಡಿದೆ. ನಾಲ್ಕನೇದಕ್ಕೆ ಬರುವ ಹೊತ್ತಿಗೆ ಕ್ಯಾನ್ ಖಾಲಿ. ಎರಡೇ ಪದರ ಹೊಡೆದು "ಕಪ್ಪಗೆ ಕಾಣ್ತಿದೆಯಲ್ಲ, ಸಾಕು" ಅಂದುಕೊಂಡೆ.

ಗಾಡಿ ಚೆನ್ನಾಗೇ ಕಂಡಿತು. ಅಪ್ಪನ ಗೀರು ಮಾತ್ರ ಕಪ್ಪಿನಡಿಯೂ ಎದ್ದು ಕಾಣುತ್ತಿತ್ತು. ಈ ಪದರ ಬಣ್ಣ ಮುಚ್ಚುತ್ತೆ, ಗುಂಡಿ ತುಂಬಲ್ಲ. ಇನ್ನೊಂದು ವಿಷಯ, ಪೆಟ್ರೋಲ್ ಇದಕ್ಕೆ ಶತ್ರು. ಒಮ್ಮೆ ಬಂಕ್‌ನಲ್ಲಿ ಹಿಂದಿನ ಚಕ್ರದ ಮೇಲೆ ನಾಲ್ಕು ಹನಿ ಬಿದ್ದು, ಆ ಜಾಗವೆಲ್ಲ ಸುಕ್ಕುಗಟ್ಟಿತು.

ಒಂದೂವರೆ ವರ್ಷದ ಮೇಲೆ ಅಪ್ಪನ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಯ್ತು. ಗಾಡಿ ಓಡಿಸಬಹುದು ಅಂತ ಡಾಕ್ಟರ್ ಹೇಳಿದ ವಾರವೇ ಫೋನ್: "ಆ ಕಪ್ಪು ತೆಗೀತೀನಿ ಅಂದಿದ್ಯಲ್ಲ?"

ಮೂರು ಚಕ್ರದ್ದು ಅಂಚಲ್ಲಿ ಉಗುರಿಂದ ಎಬ್ಬಿಸಿ ಎಳೆದರೆ ಹಾಳೆ ಹಾಳೆಯಾಗಿ ಬಂತು. ನಾಲ್ಕನೇದು? ಉಗುರಿಗೆ ಸಾಸಿವೆಯಷ್ಟು, ಅಷ್ಟೇ. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಮಾತಾಡದೇ ನೋಡುತ್ತಿದ್ದರು. ಒಂದು ಗಂಟೆಯಾದರೂ ಅಂಗೈಯಗಲ ಜಾಗ ಬಿಟ್ಟಿರಲಿಲ್ಲ. ಕೊಟ್ಟ ಮಾತು ಎರಡು ಪದರದ ಜಿಪುಣತನದಲ್ಲಿ ಹೋಯ್ತು ಅನ್ನಿಸಿತು.

ಕಾಫಿ ತಂದ ಅಮ್ಮ ನೋಡಿ, "ನೀರು ಹಾಲಿನ ಕೆನೆ ಎತ್ತಕ್ಕಾಗುತ್ತೇನೋ? ದಪ್ಪ ಇದ್ರೆ ತಾನೆ ಬರೋದು" ಅಂದರು. ಸರಿಯಾದ ಮಾತು! ಹೊಸ ಕ್ಯಾನ್ ತಂದು ಹಳೆಯದರ ಮೇಲೇ ಮೂರು ದಪ್ಪ ಪದರ ಹೊಡೆದು ರಾತ್ರಿಯಿಡೀ ಬಿಟ್ಟೆ. ತೆಗೆಯೋಕೆ ಮತ್ತೆ ಬಣ್ಣ ಹೊಡೆಯೋದು ಹುಚ್ಚಾಟ ಅನ್ನಿಸಬಹುದು. ಆದರೆ ಹೊಸ ಪದರ ಹಳೇದಕ್ಕೆ ಅಂಟಿಕೊಂಡು ಎರಡೂ ಒಂದೇ ಹಾಳೆಯಾಗುತ್ತೆ.

ಬೆಳಿಗ್ಗೆ ನಾನು ಏಳೋ ಹೊತ್ತಿಗೆ ಅಪ್ಪ ಆಗಲೇ ಚಕ್ರದ ಮುಂದೆ ಕೂತು, ಅರ್ಧ ಸುಲಿದು ಮುಗಿಸಿದ್ದರು. ಉಳಿದ ಚೂರುಗಳನ್ನು ಇಬ್ಬರೂ ಬಟ್ಟೆಯಿಂದ ಉಜ್ಜಿ ತೆಗೆದೆವು. ಆಮೇಲೆ ಅಪ್ಪ ಮುಂದಿನ ಚಕ್ರದ ಹತ್ತಿರ ಹೋಗಿ ಗೀರಿನ ಮೇಲೆ ಬೆರಳಾಡಿಸಿದರು.

"ಇಷ್ಟುದ್ದ ಇತ್ತೇನೋ ಇದು! ಅವತ್ತು ಕಂಡೇ ಇರ್ಲಿಲ್ಲ" ಅಂದು, ಕೀಗೆ ಕೈ ಚಾಚಿದರು.