ನಿನ್ನೆ ರಾತ್ರಿ ಚೆನ್ನಾಗೇ ಇತ್ತಲ್ಲ!

‘ನಿನ್ನೆ ರಾತ್ರಿ ಚೆನ್ನಾಗೇ ಇತ್ತಲ್ಲ ಡಾಕ್ಟ್ರೇ...’

ಬೆಕ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಪಶು ಆಸ್ಪತ್ರೆಗೆ ಓಡಿಬಂದವರು ಮೊದಲು ಹೇಳುವ ಮಾತು ಇದು. ರಾತ್ರಿ ಮೀನಿನ ತಲೆ ತಿಂದಿತ್ತು, ಪರದೆ ಹಿಡಿದು ಜೋತಾಡಿ ಬೈಸಿಕೊಂಡಿತ್ತು, ಆಮೇಲೆ ಕಾಲ ಬುಡದಲ್ಲಿ ಬಂದು ಮಲಗಿತ್ತು. ಬೆಳಗಾಗುವಷ್ಟರಲ್ಲಿ ಮೈ ತಣ್ಣಗೆ. ವಯಸ್ಸಾದ ನಾಯಿ ಸಾಯುವ ಮುಂಚೆ ಮನೆಯವರಿಗೆ ಕೆಲವು ತಿಂಗಳಾದರೂ ಸೂಚನೆ ಸಿಗುತ್ತದೆ: ಮೆಟ್ಟಿಲು ಹತ್ತಲಾರದು, ಕರೆದರೆ ಬಾಲವಷ್ಟೇ ಅಲ್ಲಾಡಿಸುತ್ತದೆ. ಬೆಕ್ಕು ಆ ಪುರಸೊತ್ತು ಕೊಡುವುದು ಅಪರೂಪ.

ಹೀಗೆ ದಿಢೀರ್ ಹೋದ ಬೆಕ್ಕು ಮನೆಯಲ್ಲಿ ಅಳುವಿಗಿಂತ ಮೊದಲು ಒಂದು ವಿಚಾರಣೆ ಶುರುಮಾಡಿಸುತ್ತದೆ. ಬಾಲ್ಕನಿ ಬಾಗಿಲು ತೆರೆದಿಟ್ಟವರು ಯಾರು? ಎರಡು ದಿನದಿಂದ ತಟ್ಟೆಯಲ್ಲಿ ಅನ್ನ ಉಳಿಯುತ್ತಿತ್ತಲ್ಲ, ಯಾಕೆ ಯಾರೂ ಗಮನಿಸಲಿಲ್ಲ? ಮಧ್ಯರಾತ್ರಿ ಒಂದು ಸಲ ಕೂಗಿದ್ದು ಕೇಳಿಸಿತ್ತು, ಎದ್ದು ನೋಡಬಾರದಿತ್ತೇ? ಗಂಡ ಹೆಂಡತಿಯನ್ನು, ಹೆಂಡತಿ ಮಗನನ್ನು, ಎಲ್ಲರೂ ಸೇರಿ ಕೊನೆಗೆ ತಮ್ಮನ್ನೇ ಕಟಕಟೆಗೆ ಹತ್ತಿಸಿಕೊಳ್ಳುತ್ತಾರೆ. ‘ಹೋಗಿದ್ದು ಹೋಯಿತು, ಬಿಟ್ಟುಬಿಡಿ’ ಎಂದು ನೆಂಟರು ಸಮಾಧಾನ ಹೇಳುತ್ತಾರೆ. ಆ ಸಲಹೆ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಅರ್ಧಕ್ಕೆ ನಿಲ್ಲಿಸಿದ ವಿಚಾರಣೆ ವರ್ಷಗಟ್ಟಲೆ ತಲೆಯೊಳಗೆ ನಡೆಯುತ್ತಲೇ ಇರುತ್ತದೆ. ಅದನ್ನು ಸರಿಯಾಗಿ ನಡೆಸಿ, ಒಂದು ತೀರ್ಪು ಕೊಟ್ಟು ಮುಗಿಸುವುದೇ ವಾಸಿ. ಸಾಕಷ್ಟು ಸಲ ಆ ತೀರ್ಪು ಮನೆಯವರ ಪರವಾಗಿಯೇ ಬರುತ್ತದೆ.

ಯಾಕೆಂದರೆ ಬೆಕ್ಕು ಕಾಯಿಲೆ ಮುಚ್ಚಿಡುವುದರಲ್ಲಿ ನಿಸ್ಸೀಮ. ಅದು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಹಾಗೆಯೇ ತನಗಿಂತ ದೊಡ್ಡ ಪ್ರಾಣಿಗೆ ಬೇಟೆಯಾಗುವಂಥದ್ದೂ ಹೌದು. ಕುಂಟುವುದು, ನರಳುವುದು ಕಾಡಿನಲ್ಲಿ ಪ್ರಾಣಕ್ಕೇ ಸಂಚಕಾರ. ಸೋಫಾ ಮೇಲೆ ಹುಟ್ಟಿ ಬೆಳೆದ ಬೆಕ್ಕಿಗೂ ಆ ಹಳೆಯ ಬುದ್ಧಿ ಬಿಟ್ಟಿಲ್ಲ. ನೋವಾದರೆ ಅದು ಮಂಚದ ಕೆಳಗೆ ಹೋಗಿ ಕೂರುತ್ತದೆ, ನಾವು ‘ಸೆಕೆಗೆ ಮಲಗಿದೆ’ ಅಂದುಕೊಳ್ಳುತ್ತೇವೆ.

ಇದಕ್ಕೆ ಹೃದಯದ ಕಾಯಿಲೆಗಿಂತ ದೊಡ್ಡ ಉದಾಹರಣೆ ಬೇಡ. ಬೆಕ್ಕುಗಳಲ್ಲಿ ಅತಿ ಸಾಮಾನ್ಯವಾದ ಹೃದ್ರೋಗಕ್ಕೆ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಎಂಬ ಉದ್ದನೆಯ ಹೆಸರಿದೆ. ಹೃದಯದ ಎಡಕೋಣೆಯ ಗೋಡೆ ದಪ್ಪವಾಗುತ್ತ ಹೋಗುತ್ತದೆ, ಒಳಗೆ ರಕ್ತ ತುಂಬಿಕೊಳ್ಳಲು ಜಾಗ ಕಡಿಮೆಯಾಗುತ್ತದೆ. ನೂರು ಬೆಕ್ಕುಗಳಲ್ಲಿ ಸುಮಾರು 15ಕ್ಕೆ ಇದು ಇರಬಹುದು ಎಂಬುದು ಪಶುವೈದ್ಯರ ಅಂದಾಜು. ಅವುಗಳಲ್ಲಿ ಬಹಳಷ್ಟು ಏನೂ ಆಗದೆ ಬದುಕು ಮುಗಿಸುತ್ತವೆ. ಕೆಲವಕ್ಕೆ ಮಾತ್ರ ಒಂದು ದಿನ, ಆಟದ ಮಧ್ಯೆಯೋ ನಿದ್ದೆಯ ಮಧ್ಯೆಯೋ, ಹೃದಯ ನಿಂತುಹೋಗುತ್ತದೆ. ಇನ್ನು ಕೆಲವಕ್ಕೆ ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತ ಹೊರಟು, ಮಹಾಪಧಮನಿ ಎರಡು ಹಿಂಗಾಲುಗಳಿಗೆ ಕವಲೊಡೆಯುವ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಬೆಕ್ಕು ಒಮ್ಮೆಲೇ ಕಿರುಚುತ್ತದೆ, ಹಿಂಗಾಲು ಎಳೆಯುತ್ತದೆ, ಮುಟ್ಟಿದರೆ ಆ ಕಾಲುಗಳು ತಣ್ಣಗಿರುತ್ತವೆ. ನೋಡಿದವರು ‘ಎಲ್ಲಿಂದಲೋ ಬಿದ್ದು ಸೊಂಟ ಮುರಿದುಕೊಂಡಿದೆ’ ಅಂದುಕೊಂಡು, ಕಿಟಕಿ ತೆರೆದಿಟ್ಟಿದ್ದಕ್ಕೆ ತಮ್ಮನ್ನೇ ಬೈದುಕೊಳ್ಳುತ್ತಾರೆ. ಮೇನ್ ಕೂನ್ ತಳಿಯಲ್ಲಿ ಈ ಕಾಯಿಲೆಗೆ ಸಂಬಂಧಿಸಿದ ಜೀನ್ ದೋಷ 2005ರಲ್ಲೇ ಪತ್ತೆಯಾಗಿದೆ. ಹಾಗೆಂದು ದುಡ್ಡು ಕೊಟ್ಟು ತಂದ ತಳಿಗಳಿಗಷ್ಟೇ ಬರುವುದಲ್ಲ, ನಮ್ಮ ಹಿತ್ತಲ ಬೆಕ್ಕಿಗೂ ಬರುತ್ತದೆ. ಸ್ಟೆತಾಸ್ಕೋಪಿಗೂ ಕೆಲವೊಮ್ಮೆ ಸಿಗುವುದಿಲ್ಲ, ಎಕೋ ಪರೀಕ್ಷೆಯೇ ಆಗಬೇಕು. ಆಡಿಕೊಂಡಿರುವ ಬೆಕ್ಕಿಗೆ ಎಕೋ ಮಾಡಿಸುವವರು ಎಷ್ಟು ಜನ? ಡಾಕ್ಟರಿಗೇ ಕೇಳಿಸದೇ ಇರಬಹುದಾದದ್ದು ನಮಗೆ ಕಾಣಿಸಬೇಕಿತ್ತು ಎಂದು ಹಟ ಹಿಡಿದರೆ ಹೇಗೆ?

ಎರಡನೆಯ ಆರೋಪಿ ಪಕ್ಕದ ಮನೆಯವರು. ‘ಯಾರೋ ವಿಷ ಹಾಕಿದ್ದಾರೆ’ ಎಂಬ ಮಾತಿನಿಂದ ಎಷ್ಟು ಬೀದಿಗಳಲ್ಲಿ ಕಾಂಪೌಂಡ್ ಆಚೀಚೆಯ ಮಾತು ನಿಂತಿದೆಯೋ! ಕೆಲವು ಸಲ ನಿಜ ಇರಬಹುದು. ಪಾಷಾಣ ತಿಂದ ಇಲಿಯನ್ನು ಬೆಕ್ಕು ತಿಂದಿರಬಹುದು. ಅಲ್ಲಿ ಇಲಿಗೆ ಇಟ್ಟವರಿಗೆ ಬೆಕ್ಕಿನ ಮೇಲೆ ದ್ವೇಷವೇನೂ ಇರುವುದಿಲ್ಲ. ಆದರೆ ಪ್ಯಾನ್‌ಲ್ಯೂಕೋಪೀನಿಯಾ ಎಂಬ ವೈರಸ್ ರೋಗವೂ ಲಸಿಕೆಯಾಗದ ಮರಿಯನ್ನು ಎಷ್ಟು ಬೇಗ ಬೀಳಿಸುತ್ತದೆಂದರೆ, ನೋಡಿದವರಿಗೆ ವಿಷಪ್ರಾಶನವೆಂದೇ ತೋರುತ್ತದೆ. ಗಂಡು ಬೆಕ್ಕಿಗೆ ಮೂತ್ರ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣ ಹೋಗಬಹುದು. ಪದೇ ಪದೇ ಹೋಗಿ ಕೂತು ತಿಣುಕುವುದನ್ನು ಮನೆಯವರು ಮಲಬದ್ಧತೆ ಅಂದುಕೊಂಡಿರುತ್ತಾರೆ. ಇನ್ನೊಂದನ್ನು ಇಲ್ಲಿ ಹೇಳಿಬಿಡಬೇಕು: ಜ್ವರವೆಂದು ನಾವು ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆ ಕೊಲ್ಲಬಲ್ಲದು. ಪ್ರೀತಿಯಿಂದ ಕೊಟ್ಟವರು ಇದ್ದಾರೆ, ಗೊತ್ತಾದ ಮೇಲೆ ಅವರ ಪಾಡು ಯಾರಿಗೂ ಬೇಡ.

ಅನುಮಾನ ಬಗೆಹರಿಯಲೇಬೇಕು ಅನ್ನಿಸಿದರೆ ಮರಣೋತ್ತರ ಪರೀಕ್ಷೆ ಮಾಡಿಸಲು ಸಾಧ್ಯವಿದೆ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ರೋಗಶಾಸ್ತ್ರ ವಿಭಾಗಗಳಿವೆ. ದೇಹವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂಪಾದ ಕಡೆ ಇಟ್ಟು ಆದಷ್ಟು ಬೇಗ ಒಯ್ಯಬೇಕು. ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿದರೆ ಅಂಗಾಂಶಗಳು ಕೆಟ್ಟು ಕಾರಣ ತಿಳಿಯುವುದು ಕಷ್ಟವಾಗುತ್ತದೆ. ‘ಕುಯ್ಯುವುದು ಬೇಡಪ್ಪ’ ಅನ್ನುವವರ ಮನಸ್ಸೂ ನನಗೆ ಅರ್ಥವಾಗುತ್ತದೆ. ಅವರಿಗೆ ನೋಡಿಕೊಂಡ ಡಾಕ್ಟರ ಎದುರು ಕೂತು, ಕೊನೆಯ ಎರಡು ದಿನದ ವಿವರ ಹೇಳಿ, ಏನಾಗಿರಬಹುದು ಎಂದು ಕೇಳಿದರೂ ಅರ್ಧ ಭಾರ ಇಳಿಯುತ್ತದೆ.

ಮಲೆನಾಡಿನಲ್ಲಿ ಮಾತ್ರ ಇಂಥ ತೀರ್ಪು ಸಿಗುವುದು ಕಷ್ಟ. ಅಲ್ಲಿ ಬೆಕ್ಕು ಸಾಯುವುದಕ್ಕಿಂತ ಕಾಣೆಯಾಗುವುದೇ ಹೆಚ್ಚು. ಚಿರತೆ ಹಿಡಿಯಿತೋ, ಹಾವು ಕಚ್ಚಿತೋ, ಇನ್ಯಾರದೋ ಅಟ್ಟ ಸೇರಿತೋ, ಹೇಳುವವರಿಲ್ಲ. ತೀರ್ಥಹಳ್ಳಿ ಕಡೆ ಇರುವ ನಮ್ಮಕ್ಕ ಒಂದು ಮಳೆಗಾಲದಲ್ಲಿ ಫೋನು ಮಾಡಿ, ಅಡಿಕೆ ಕೊಳೆ, ಕರೆಂಟು ಹೋಗಿದ್ದು ಎಲ್ಲ ಹೇಳಿ ಮುಗಿಸಿ, ಇಡುವ ಹೊತ್ತಿಗೆ ಅಂದಳು: ‘ನಮ್ಮ ಕರಿಯ ಹೋದ ಕಣೇ. ಕೊಟ್ಟಿಗೆ ಬಾಗಿಲಲ್ಲಿ ಸತ್ತು ಬಿದ್ದಿದ್ದ, ಬಾಯಲ್ಲಿ ನೊರೆ. ಹಾವೇ ಇರ್ಬೇಕು. ಯಾರ ಹತ್ರ ಹೇಳ್ಲಿ ಹೇಳು? ನಿಮ್ಮ ಭಾವ, ಕೊತ್ತಿ ಸತ್ರೆ ಇಷ್ಟೊಂದು ಅಳ್ತಾರಾ, ನಿನ್ನ ಅತ್ತೆ ಹೋದಾಗ್ಲೂ ಹೀಗೆ ಅತ್ತಿಲ್ಲ ನೀನು ಅಂತಾರೆ.’ ನನಗೆ ನಗು ಬಂತು, ಅವಳಿಗೂ ಬಂತು, ಆಮೇಲೆ ಇಬ್ಬರೂ ಅತ್ತೆವು. ಭಾವನೇ ಹಲಸಿನ ಮರದ ಬುಡದಲ್ಲಿ ಗುಂಡಿ ತೋಡಿದ್ದರಂತೆ, ಅದನ್ನು ಹೇಳುವುದನ್ನು ಅವಳು ಮರೆಯಲಿಲ್ಲ.

ಊರು ಒಪ್ಪದ ಇಂಥ ದುಃಖದ ಬಗ್ಗೆ ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಲ್ಲಿ ಒಂದು ಪುಸ್ತಕ ತಂದರು. ಬಹಿರಂಗವಾಗಿ ಶೋಕಿಸುವ ಹಕ್ಕನ್ನು ಸಮಾಜ ಕೊಡದಿದ್ದಾಗ ದುಃಖ ಇನ್ನಷ್ಟು ಬಿಗಿಯಾಗುತ್ತದೆ ಎಂಬುದು ಅವರ ವಾದದ ತಿರುಳು. ಅತ್ತೆ ಸತ್ತರೆ ಆಫೀಸಿನಲ್ಲಿ ರಜೆ ಉಂಟು, ಮನೆಗೆ ಜನ ಬರುತ್ತಾರೆ, ಹದಿಮೂರು ದಿನದ ಲೆಕ್ಕವಿದೆ. ಬೆಕ್ಕು ಸತ್ತ ಮರುದಿನ ‘ಹುಷಾರಿಲ್ಲ’ ಎಂದು ಸುಳ್ಳು ಹೇಳಿ ರಜೆ ಹಾಕಬೇಕು.

ಪ್ರಾಣಿಗಾಗಿ ಅಳುವುದು ಪೇಟೆಯವರ ಹೊಸ ಷೋಕಿ ಎಂಬ ಗೇಲಿಗೆ ನಮ್ಮಲ್ಲೇ ಕಲ್ಲಿನ ಉತ್ತರವಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಕ್ರಿ.ಶ. 949–50ರ ಶಾಸನ, ಗಂಗ ಬೂತುಗನ ವೀರ ಮಣಲೆರ ಎಂಬವನ ಬೇಟೆನಾಯಿ ಕಾಳಿಯ ನೆನಪಿಗೆ ನಿಲ್ಲಿಸಿದ್ದು. ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಏನು ಬೇಕಾದರೂ ಕೇಳು ಅಂದಾಗ ಮಣಲೆರ ಕೇಳಿದ್ದು ಈ ನಾಯಿಯನ್ನು. ಅದು ಕಾಡುಹಂದಿಯ ಮೇಲೆ ಬಿದ್ದು, ಎರಡೂ ಹೊಡೆದಾಡಿ ಸತ್ತವು. ಅವನು ಕಲ್ಲು ನೆಡಿಸಿ, ಭೂಮಿ ಬಿಡಿಸಿ, ಆ ಕಲ್ಲನ್ನು ಪೂಜಿಸದೆ ಪೂಜಾರಿ ಉಂಡರೆ ಪಾಪ ತಟ್ಟುತ್ತದೆ ಎಂದೂ ಬರೆಸಿದ. ನಾಯಿ ಹಂದಿಗಳ ಕಾಳಗದ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೆಕ್ಕಿಗೆ ಹೀಗೆ ಕಲ್ಲು ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ಯಾರಿಗಾಗಿಯೂ ಹಂದಿಯ ಮೇಲೆ ಬೀಳುವ ಜಾಯಮಾನ ಅದರದಲ್ಲ, ಬಿಡಿ. (ಮನೆಯ ಬೆಕ್ಕು ಸತ್ತರೆ ಈಜಿಪ್ಟಿನವರು ಹುಬ್ಬು ಬೋಳಿಸಿಕೊಳ್ಳುತ್ತಾರೆ, ನಾಯಿ ಸತ್ತರೆ ತಲೆ, ಮೈ ಎಲ್ಲವನ್ನೂ ಎಂದು ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಅಲ್ಲೂ ಬೆಕ್ಕಿನ ಪಾಲಿಗೆ ಬಂದದ್ದು ಎರಡು ಹುಬ್ಬು!)

ಬೆಕ್ಕಿನ ಶೋಕವನ್ನು ನಾಚಿಕೆಯಿಲ್ಲದೆ ದಾಖಲಿಸಿದವರು ಜಪಾನಿನ ಇಬ್ಬರು ಲೇಖಕರು, ಗುರು ಮತ್ತು ಶಿಷ್ಯ. ಬೆಕ್ಕೇ ಕಥೆ ಹೇಳುವ ಕಾದಂಬರಿಯಿಂದ ಹೆಸರಾದ ನತ್ಸುಮೆ ಸೊಸೆಕಿ, ಅದಕ್ಕೆ ಪ್ರೇರಣೆಯಾದ ಬೆಕ್ಕಿಗೆ ಕೊನೆಯವರೆಗೂ ಹೆಸರಿಡಲಿಲ್ಲ. 1908ರ ಸೆಪ್ಟೆಂಬರಿನಲ್ಲಿ ಅದು ಸತ್ತಾಗ ಮಾತ್ರ ಶಿಷ್ಯರಿಗೆಲ್ಲ ಅಂಚೆಕಾರ್ಡಿನಲ್ಲಿ ಮರಣವಾರ್ತೆ ಕಳಿಸಿದರು. ತಾನು ಕಾದಂಬರಿ ಬರೆಯುವುದರಲ್ಲಿ ಮುಳುಗಿದ್ದೇನೆ, ಅಂತ್ಯಕ್ರಿಯೆಗೆ ಬರುವುದು ಬೇಡ ಎಂಬ ಒಕ್ಕಣೆಯೂ ಇತ್ತು. ಮರುವರ್ಷ ಬರೆದ ಪುಟ್ಟ ಗದ್ಯವೊಂದರಲ್ಲಿ ಅವರು ಇನ್ನೂ ನಿಷ್ಠುರರು. ಬೆಕ್ಕು ಬಡಕಲಾಗುತ್ತ, ವಾಂತಿ ಮಾಡುತ್ತ ಮೂಲೆ ಸೇರಿದಾಗ ಮನೆಯಲ್ಲಿ ಯಾರೂ ಅಷ್ಟಾಗಿ ಲಕ್ಷ್ಯ ಕೊಡಲಿಲ್ಲ. ಸತ್ತದ್ದೇ ತಡ, ಎಲ್ಲರೂ ಗಡಿಬಿಡಿಗೆ ಬಿದ್ದರು. ಗೋರಿಯ ಗುರುತಿಗೆ ಮರದ ಫಲಕ, ಮಕ್ಕಳು ತಂದಿಟ್ಟ ಹೂವು. ಅದು ಸತ್ತ ತಿಥಿ ಬಂದಾಗಲೆಲ್ಲ ಹೆಂಡತಿ ಗೋರಿಯ ಮುಂದೆ ಒಂದು ತುಂಡು ಸಾಲ್ಮನ್ ಮೀನು, ಒಣಮೀನಿನ ಪುಡಿ ಉದುರಿಸಿದ ಅನ್ನ ಇಡುತ್ತಾಳೆ ಎಂದೂ ಬರೆದಿದ್ದಾರೆ. ಮಹಾಲಯಕ್ಕೆ ಎಡೆ ಇಡುವ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಶಿಷ್ಯ ಉಚಿದಾ ಹ್ಯಾಕ್ಕೆನ್ ಕಥೆ ಇನ್ನೂ ಕಠಿಣ. 1957ರ ಮಾರ್ಚ್ 27ರಂದು ಅವರ ಬೆಕ್ಕು ನೋರಾ ತೋಟ ದಾಟಿ ಹೋದದ್ದು ಹಿಂದಿರುಗಲಿಲ್ಲ. ಸಿಡುಕಿಗೆ ಹೆಸರಾಗಿದ್ದ 67ರ ಆ ಮನುಷ್ಯ ಮಗುವಿನಂತೆ ಅತ್ತರು. ಪತ್ರಿಕೆಗೆ ಜಾಹೀರಾತು ಕೊಟ್ಟರು, ಸಾವಿರಗಟ್ಟಲೆ ಕರಪತ್ರ ಹಂಚಿಸಿದರು, ಟೋಕಿಯೊದಲ್ಲಿದ್ದ ವಿದೇಶಿಯರಿಗೆಂದು ಇಂಗ್ಲಿಷಿನಲ್ಲೂ ಅಚ್ಚು ಹಾಕಿಸಿದರು. ಬಚ್ಚಲ ತೊಟ್ಟಿಯ ಮುಚ್ಚಳದ ಮೇಲೆ ನೋರಾ ಮಲಗುತ್ತಿತ್ತು ಎಂದು ಸ್ನಾನಕ್ಕೆ ಹೋಗಲು ಆಗುತ್ತಿರಲಿಲ್ಲ. ಅದಕ್ಕೆ ಇಷ್ಟವಾಗಿದ್ದ ಮೊಟ್ಟೆಯ ತಿನಿಸನ್ನು ನೆನೆದು ಸುಶಿ ತರಿಸುವುದನ್ನೇ ಬಿಟ್ಟರು. ಇದನ್ನೆಲ್ಲ ದಿನಚರಿಯಂತೆ ಬರೆದು ಪುಸ್ತಕ ಮಾಡಿದರು. ಅಕಿರಾ ಕುರೊಸಾವಾ 1993ರಲ್ಲಿ ಮಾಡಿದ ಕೊನೆಯ ಚಿತ್ರ ‘ಮಾದದಾಯೊ’ ಇದೇ ಹ್ಯಾಕ್ಕೆನ್ ಬದುಕನ್ನು ಆಧರಿಸಿದ್ದು. ಕಳೆದುಹೋದ ಬೆಕ್ಕಿನ ಪ್ರಸಂಗ ಅದರಲ್ಲಿ ಸಾಕಷ್ಟು ದೀರ್ಘವಾಗಿಯೇ ಇದೆ. ಒಬ್ಬ ಹಿರಿಯ ಲೇಖಕ ಮರ್ಯಾದೆ ಹೋದೀತೆಂದು ಹೆದರದೆ ಅಷ್ಟೆಲ್ಲ ಬರೆದದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ. ನೋರಾ ಹೋದ ಮೇಲೆ ಅದನ್ನೇ ಹೋಲುವ, ಬಾಲ ಮೊಂಡಾದ ಇನ್ನೊಂದು ಬೆಕ್ಕು ತಾನಾಗಿ ಮನೆಗೆ ಬಂತು. ಹಿಂದೆ ಜರ್ಮನ್ ಕಲಿಸುವ ಮೇಷ್ಟ್ರಾಗಿದ್ದ ಹ್ಯಾಕ್ಕೆನ್ ಅದಕ್ಕೆ ಕುರ್ಟ್ಸ್, ಅಂದರೆ ಗಿಡ್ಡ, ಎಂದು ಹೆಸರಿಟ್ಟು ಸಾಕಿದರು. ಅದೂ 1962ರಲ್ಲಿ ಸತ್ತಾಗ ಮತ್ತೊಂದು ಪುಸ್ತಕ ಬಂತು.

ಪುಸ್ತಕ ಬರೆಯಲಾಗದ ನಮಗೆ ಮೊದಲ ದಿನದ ಕೆಲಸಗಳೇ ಆಸರೆ. ಹಿತ್ತಲಿದ್ದವರು ನಾಯಿ, ನರಿ ಕೆದಕದಷ್ಟು ಆಳಕ್ಕೆ, ಮೂರಡಿಯಾದರೂ, ಗುಂಡಿ ತೋಡಿ ಮೇಲೆ ಕಲ್ಲು ಹೇರಬೇಕು. ಬಾವಿ ಹತ್ತಿರ ಬೇಡ. ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೆ ಕೆಂಗೇರಿ ಬಳಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ಆವರಣದಲ್ಲಿ ಸಾಕುಪ್ರಾಣಿಗಳ ಸ್ಮಶಾನವಿದೆ, ಸುಮನಹಳ್ಳಿಯಲ್ಲಿ ಪ್ರಾಣಿಗಳ ಚಿತಾಗಾರವಿದೆ. ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ ಅದು ಮೂಲೆ ಮೂಲೆ ಹುಡುಕಬಹುದು, ಊಟ ಬಿಡಬಹುದು. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿಗೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಕುತ್ತಾಗುವುದುಂಟು. ನಮ್ಮ ದುಃಖದಲ್ಲಿ ಅದರ ತಟ್ಟೆ ನೋಡುವುದು ತಪ್ಪಬಾರದು.

ಮಕ್ಕಳಿಗೆ ಸುಳ್ಳು ಹೇಳುವುದಂತೂ ಬೇಡವೇ ಬೇಡ. ‘ಯಾರೋ ತಗೊಂಡು ಹೋದ್ರು ಪುಟ್ಟಾ’ ಅಂದರೆ ಆ ಮಗು ಗೇಟಿನ ಹತ್ತಿರ ನಿಂತು ಕಾಯುತ್ತದೆ, ಕೊಟ್ಟದ್ದು ಯಾಕೆ ಎಂದು ನಿಮ್ಮ ಮೇಲೆ ಸಿಟ್ಟಾಗುತ್ತದೆ. ‘ಮಲಗಿದೆ’ ಅಂದರೆ ತಾನು ಮಲಗಲು ಹೆದರುತ್ತದೆ. ಸತ್ತಿತು ಎಂದೇ ಹೇಳಿ, ಗುಂಡಿಗೆ ಒಂದು ಹಿಡಿ ಮಣ್ಣು ಅದೂ ಹಾಕಲಿ. ಸೊಸೆಕಿಯ ಮನೆಯ ಮಕ್ಕಳಂತೆ ಒಂದು ಹೂವನ್ನೂ ಇಡಲಿ.

ವಾರ ಕಳೆಯುವುದರೊಳಗೆ ಯಾರಾದರೂ ಚೀಲದಲ್ಲಿ ಮರಿಯೊಂದನ್ನು ತಂದು ಬಿಡುತ್ತಾರೆ. ನಮ್ಮ ಕಡೆ ಸಾಂತ್ವನದ ರೀತಿಯೇ ಅದು. ಬೇಡ ಅನ್ನಿಸಿದರೆ ಸಂಕೋಚವಿಲ್ಲದೆ ಬೇಡ ಅನ್ನಬಹುದು. ಬೇಕು ಅನ್ನಿಸಿದರೂ ಹೋದ ಬೆಕ್ಕಿಗೆ ದ್ರೋಹವಾಗುವುದಿಲ್ಲ. ಹೋದದ್ದು ಪ್ಯಾನ್‌ಲ್ಯೂಕೋಪೀನಿಯಾದಿಂದ ಎಂಬ ಅನುಮಾನವಿದ್ದರೆ ಮಾತ್ರ ಚೀಲವನ್ನು ಹೊಸ್ತಿಲ ಆಚೆಯೇ ತಡೆಯಿರಿ. ಆ ವೈರಸ್ ಮನೆಯಲ್ಲಿ ಒಂದು ವರ್ಷದವರೆಗೂ ಬದುಕಿರಬಲ್ಲದು. ಹಳೆಯ ಹಾಸಿಗೆ, ಮರಳಿನ ತಟ್ಟೆ ಸುಟ್ಟುಹಾಕಿ, ನೆಲವನ್ನು ಬ್ಲೀಚ್ ನೀರಿನಲ್ಲಿ ಒರೆಸಬೇಕು. ಫಿನಾಯಿಲ್ ಬೇಡ, ಅದು ಬೆಕ್ಕಿಗೆ ವಿಷ. ಬರುವ ಮರಿಗೆ ಆರರಿಂದ ಎಂಟು ವಾರಕ್ಕೆ ಲಸಿಕೆ ಶುರುಮಾಡಿ, ನಾಲ್ಕು ತಿಂಗಳು ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಕೊಡಿಸುತ್ತ ಹೋಗಬೇಕು. ಅದು ಮುಗಿಯುವ ತನಕ ಮರಿ ಕೊಟ್ಟವರ ಮನೆಯಲ್ಲೇ ಬೆಳೆಯಲಿ. ನೋಡಬೇಕು ಅನ್ನಿಸಿದರೂ ಅಲ್ಲಿಯವರೆಗೆ ಹೋಗಬೇಡಿ, ನಿಮ್ಮ ಬಟ್ಟೆ, ಚಪ್ಪಲಿಗೆ ಅಂಟಿದ ವೈರಸ್ ಮರಿಯನ್ನು ಮುಟ್ಟಬಹುದು.