ಡಕಾರ್ ಬೀದಿಯ ‘ಟಾಟಾ’: ಹಳಬರನ್ನು ಕೈಬಿಡದೆ ಬದಲಾದ ನಗರ ಸಾರಿಗೆ

ಪಶ್ಚಿಮ ಆಫ್ರಿಕದ ಸೆನೆಗಲ್ ದೇಶದ ರಾಜಧಾನಿ ಡಕಾರ್‌ನಲ್ಲಿ ಮಿನಿಬಸ್ಸಿಗೆ ಜನರು ಇಟ್ಟಿರುವ ಹೆಸರು ‘ಟಾಟಾ’. ಮುಂಬಯಿಯ ಟಾಟಾ ಕಂಪನಿಯಿಂದ ಬಿಡಿಭಾಗಗಳನ್ನು ತರಿಸಿ, ಅಲ್ಲಿನ ಥಿಯೆಸ್ ನಗರದಲ್ಲಿ ಜೋಡಿಸಿದ ಬಸ್ಸುಗಳಿವು. ಕಂಪನಿಯ ಹೆಸರೇ ವಾಹನದ ಹೆಸರಾಗುವಷ್ಟು ಅವು ಆ ನಗರಕ್ಕೆ ಒಗ್ಗಿಹೋಗಿವೆ. ಸರಕಾರ, ಸಾಲ ಕೊಡುವ ಸಂಸ್ಥೆ ಮತ್ತು ಸಣ್ಣ ವಾಹನ ಮಾಲೀಕರು ಒಂದಾಗಿ ನಡೆಸಿದ ಪ್ರಯೋಗವೊಂದು ಇದರ ಹಿಂದಿದೆ. ನಗರ ಸಾರಿಗೆಯನ್ನು ಶುದ್ಧಗೊಳಿಸಲು ಹೊರಟ ಆಫ್ರಿಕದ ಅನೇಕ ನಗರಗಳಿಗೆ ಇದೊಂದು ಪಾಠ.

ತುದಿಯಲ್ಲಿ ಪೇಟೆ, ದೂರದಲ್ಲಿ ಮನೆ

ಡಕಾರ್ ಇರುವುದು ಸಮುದ್ರಕ್ಕೆ ಚಾಚಿಕೊಂಡ ಭೂಭಾಗದಲ್ಲಿ. ಕಚೇರಿ, ಬಂದರು, ವ್ಯಾಪಾರ ಎಲ್ಲವೂ ಒಂದು ತುದಿಯ ‘ಪ್ಲಾಟೊ’ ಪ್ರದೇಶದಲ್ಲಿ. ದುಡಿಯುವವರ ಮನೆ ಪಿಕಿನ್, ಗೆಡಿಯಾವಯ್ ಮುಂತಾದ ಉಪನಗರಗಳಲ್ಲಿ. ಬೆಳಗ್ಗೆ ಎಲ್ಲರೂ ಒಂದೇ ದಿಕ್ಕಿಗೆ, ಸಂಜೆ ಎಲ್ಲರೂ ಮರಳಿ. ಚರ್ಚ್‌ಗೇಟ್, ವಿ.ಟಿ. ಕಡೆಗೆ ದಿನವೂ ಪಯಣಿಸುವ ಮುಂಬಯಿ ಕನ್ನಡಿಗರಿಗೆ ಈ ಕಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ.

1998ರಲ್ಲಿ ಅಲ್ಲಿನ ಸರಕಾರಿ ಬಸ್ ಕಂಪನಿ ಮುಚ್ಚಿತು. ಜನರಿಗೆ ಉಳಿದದ್ದು ‘ಕಾರ್ ರಾಪಿಡ್’. ಹೆಸರಿನ ಅರ್ಥ ‘ವೇಗದ ವಾಹನ’. ಆದರೆ ಇವು ನೀಲಿ-ಹಳದಿ ಬಣ್ಣ ಬಳಿದ, ದಶಕಗಳಷ್ಟು ಹಳೆಯ ಫ್ರೆಂಚ್ ವ್ಯಾನುಗಳು. ಹಿಂಬಾಗಿಲಿಗೆ ಜೋತುಬಿದ್ದ ಹುಡುಗ ಕೂಗಿ ಜನರನ್ನು ಹತ್ತಿಸಿಕೊಳ್ಳುವುದು ಅವುಗಳ ಪದ್ಧತಿ. ಹೊಗೆ ಕಾರುತ್ತಿದ್ದರೂ ಊರನ್ನು ನಡೆಸುತ್ತಿದ್ದವು ಅವೇ. ಅವನ್ನು ಒಮ್ಮೆಲೇ ನಿಷೇಧಿಸಿದ್ದರೆ ಸಾವಿರಾರು ಮಂದಿ ಚಾಲಕರು, ಸಹಾಯಕರು ಹಾಗೂ ಮಾಲೀಕರ ಮನೆಯ ಒಲೆ ಆರುತ್ತಿತ್ತು.

ಸಂಘ ಕಟ್ಟಿದವರಿಗೆ ಸಾಲ

ಆಗ ಕಂಡುಕೊಂಡ ದಾರಿ ಸಂಘಟನೆಯದು. ಬಿಡಿಬಿಡಿಯಾಗಿದ್ದ ಮಾಲೀಕರು ಗುಂಪುಗಳನ್ನು ಕಟ್ಟಿಕೊಂಡರು. ಆ ಗುಂಪುಗಳೆಲ್ಲ ಸೇರಿ ‘ಆಫ್ಟು’ ಎಂಬ ಹಣಕಾಸು ಸಂಘವಾಯಿತು. ವಿಶ್ವಬ್ಯಾಂಕಿನ ನೆರವಿನಿಂದ ಸಾಲ ದೊರೆಯಿತು. ಹಳೆಯ ವ್ಯಾನನ್ನು ಗುಜರಿಗೆ ಒಪ್ಪಿಸಿದವರಿಗೆ ಹೊಸ ಮಿನಿಬಸ್, ದುಡಿಮೆಯಿಂದ ಕಂತು ಕಂತಾಗಿ ಮರುಪಾವತಿ. 2005ರಲ್ಲಿ ಆರಂಭವಾದ ಮೊದಲ ಹಂತದಲ್ಲೇ ಸುಮಾರು 500 ಬಸ್ಸುಗಳು ರಸ್ತೆಗಿಳಿದವು. ಟಿಕೆಟ್ ಕೊಡುವ ಕೆಲಸಕ್ಕೆ ಅನೇಕ ಮಹಿಳೆಯರು ಸೇರಿಕೊಂಡದ್ದು ಗಮನಾರ್ಹ. ಹಳೆಯ ವಾಹನದ ಮಾಲೀಕನೇ ಹೊಸ ವ್ಯವಸ್ಥೆಯ ಪಾಲುದಾರನಾದ. ಸಹಕಾರಿ ಸಂಘ, ಸಹಕಾರಿ ಬ್ಯಾಂಕುಗಳನ್ನು ಕಟ್ಟಿ ಬೆಳೆದ ಮುಂಬಯಿ ಕನ್ನಡಿಗರಿಗೆ ಈ ದಾರಿ ಅಪರಿಚಿತವಲ್ಲ.

ಹೊಗೆ ಇಲ್ಲದ ಬಸ್ಸು

ಮುಂದಿನ ಹೆಜ್ಜೆ ಇನ್ನೂ ದೊಡ್ಡದು. 2021ರ ಡಿಸೆಂಬರಿನಲ್ಲಿ ಡಕಾರ್-ಡಿಯಾಮ್ನಿಯಾಡಿಯೊ ನಡುವೆ ಹೊಸ ರೈಲು ಓಡತೊಡಗಿತು. 2024ರಲ್ಲಿ ಗೆಡಿಯಾವಯ್‌ನಿಂದ ನಗರದ ಮಧ್ಯಭಾಗಕ್ಕೆ 18.3 ಕಿ.ಮೀ. ಉದ್ದದ ಪ್ರತ್ಯೇಕ ಬಸ್ ಪಥದಲ್ಲಿ ಸಂಚಾರ ಪ್ರಾರಂಭವಾಯಿತು. ಹುಬ್ಬಳ್ಳಿ-ಧಾರವಾಡದ ‘ಚಿಗರಿ’ ಬಸ್ಸಿನಲ್ಲಿ ಪಯಣಿಸಿದವರಿಗೆ ಈ ಬಗೆಯ ಪಥದ ಪರಿಚಯವಿದೆ. ಆದರೆ ಡಕಾರ್‌ನ 121 ಬಸ್ಸುಗಳೂ ವಿದ್ಯುತ್ ಚಾಲಿತ. ಸುಮಾರು ಒಂದೂವರೆ ಗಂಟೆ ಹಿಡಿಯುತ್ತಿದ್ದ ಪ್ರಯಾಣವನ್ನು 45 ನಿಮಿಷಕ್ಕೆ ಇಳಿಸುವುದು ಯೋಜನೆಯ ಗುರಿ. ನಿಲ್ದಾಣದ ಜಗಲಿ ಬಸ್ಸಿನ ನೆಲದ ಮಟ್ಟಕ್ಕೇ ಇರುವುದರಿಂದ ಗಾಲಿಕುರ್ಚಿಯವರು, ವೃದ್ಧರು, ಕಂಕುಳಲ್ಲಿ ಮಗುವನ್ನು ಎತ್ತಿಕೊಂಡ ತಾಯಂದಿರು ಮೆಟ್ಟಿಲೇರುವ ಪ್ರಯಾಸವಿಲ್ಲದೆ ಒಳಹೋಗಬಹುದು.

ಉಳಿದ ನಗರಗಳಲ್ಲಿ

ಕೆನ್ಯಾದ ನೈರೋಬಿಯಲ್ಲಿ ‘ಮಟಾಟು’ ಮಿನಿಬಸ್ಸುಗಳ ಮಾಲೀಕರು ಸಹಕಾರಿ ಸಂಘಗಳಲ್ಲಿ ಸಂಘಟಿತರಾಗಿದ್ದಾರೆ. ಅಲ್ಲಿ 2022ರಿಂದ ವಿದ್ಯುತ್ ಬಸ್ಸುಗಳು ಬರತೊಡಗಿವೆ. ದುಬಾರಿ ಬ್ಯಾಟರಿಯನ್ನು ಕೊಳ್ಳುವ ಬದಲು ಓಡಿದ ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆ ಕೊಡುವ ಏರ್ಪಾಡು ಸಣ್ಣ ಮಾಲೀಕನಿಗೆ ಅನುಕೂಲವಾಗಿದೆ. ರುವಾಂಡಾದ ಕಿಗಾಲಿಯಲ್ಲಿ 2025ರ ಜನವರಿಯಿಂದ ಬಾಡಿಗೆ ಓಡಿಸಲು ಹೊಸದಾಗಿ ನೋಂದಣಿಯಾಗುವ ಮೋಟಾರು ಸೈಕಲ್ ವಿದ್ಯುತ್ ಚಾಲಿತವೇ ಆಗಿರಬೇಕು. ಪೂರ್ವ ಆಫ್ರಿಕದಲ್ಲಿ ಬಾಡಿಗೆಗೆ ಓಡುವ ಮೋಟಾರು ಸೈಕಲ್‌ಗಳಲ್ಲಿ ಪುಣೆಯ ಬಜಾಜ್, ಚೆನ್ನೈಯ ಟಿವಿಎಸ್ ಕಂಪನಿಗಳವು ಹೇರಳ. ಆದುದರಿಂದ ಈ ಬದಲಾವಣೆಯ ಬಿಸಿ ಇಲ್ಲಿಗೂ ತಟ್ಟದಿರದು.

ತಾಂಜಾನಿಯಾದ ದಾರ್ ಎಸ್ ಸಲಾಂನಲ್ಲಿ 2016ರಲ್ಲಿ 21 ಕಿ.ಮೀ. ಬಸ್ ಪಥ ಆರಂಭವಾಯಿತು. ಆ ನಗರಕ್ಕೆ 2018ರ ಸುಸ್ಥಿರ ಸಾರಿಗೆ ಪ್ರಶಸ್ತಿ ಲಭಿಸಿತು. ಇದೇ ಪ್ರಶಸ್ತಿ 2020ರಲ್ಲಿ ಪುಣೆಯ ಪಾಲಾಯಿತು. ಆದರೆ ಪ್ರಶಸ್ತಿಯಿಂದ ಬಸ್ಸುಗಳ ಕೊರತೆ ನೀಗಲಿಲ್ಲ. ತಗ್ಗಿನಲ್ಲಿದ್ದ ಜಂಗ್ವಾನಿ ಡಿಪೋಗೆ ಮಳೆಗಾಲದಲ್ಲಿ ನೀರು ನುಗ್ಗಿ ಸೇವೆ ನಿಂತದ್ದೂ ಇದೆ.

ಯಾರ ಕೈಗೆಟುಕುತ್ತದೆ?

ಡಕಾರ್‌ನಲ್ಲೂ ಪ್ರಶ್ನೆಗಳು ಉಳಿದಿವೆ. ಹೊಸ ವಿದ್ಯುತ್ ಬಸ್ಸಿನ ಟಿಕೆಟ್ ದರ ಮಿನಿಬಸ್ಸಿಗಿಂತ ಹೆಚ್ಚು. ದಿನಗೂಲಿಯವನಿಗೆ ದಿನಕ್ಕೆರಡು ಬಾರಿ ಆ ದರ ತೆರುವುದು ಸುಲಭವಲ್ಲ. ಮನೆಯಿಂದ ನಿಲ್ದಾಣದವರೆಗಿನ ಕಾಲುದಾರಿ, ಒಳಬೀದಿಗಳಿಂದ ಜನರನ್ನು ತಂದು ಮುಟ್ಟಿಸುವ ಸಣ್ಣ ಬಸ್ಸು ಇಲ್ಲವಾದರೆ ಮುಖ್ಯರಸ್ತೆಯ ಹೊಸ ಬಸ್ಸು ಅನೇಕರಿಗೆ ನೋಡುವ ವಸ್ತುವಾಗಿಯೇ ಉಳಿದೀತು. ಆ ಒಳಬೀದಿಗಳನ್ನು ಬಲ್ಲವರು ಹಳೆಯ ವ್ಯಾನಿನ ಚಾಲಕರು ಮತ್ತು ‘ಟಾಟಾ’ ಓಡಿಸುವವರು. 2005ರಲ್ಲಿ ಅವರನ್ನು ಜತೆಗೆ ಕರೆದುಕೊಂಡಂತೆ ಈಗಲೂ ಕರೆದುಕೊಂಡರೆ ಗೆಡಿಯಾವಯ್‌ನ ಕೊನೆಯ ಮನೆಯವನಿಗೂ ಹೊಗೆಯಿಲ್ಲದ ಬಸ್ಸು ಎಟುಕೀತು.